ಚಿಕ್ಕಜಾತ್ರೆಗೆ ಕತ್ತರಿ, ದೊಡ್ಡಜಾತ್ರೆಗೆ ಮಲ್ಲಿಗೆ

"ಗಿಡವೇನೋ ಸೊಂಪಾಗದೆ, ಹೂವೇ ಬುಡ್ತಿಲ್ಲ ಕಣಣ್ಣ." ನಂಜನಗೂಡು, ತಿ. ನರಸೀಪುರ ಕಡೆ ಮಲ್ಲಿಗೆಯ ಮಾತೆತ್ತಿದರೆ ಮೊದಲು ಕೇಳಿಬರುವ ದೂರು ಇದು. ಹಿತ್ತಲಲ್ಲಿ ಆಳೆತ್ತರ ಬೆಳೆದು, ಬೇಲಿಗೆ ಒರಗಿ, ಕಡುಹಸಿರಾಗಿ ನಿಂತ ದುಂಡುಮಲ್ಲಿಗೆ ಗಿಡದಲ್ಲಿ ಹುಡುಕಿದರೆ ನಾಲ್ಕು ಮೊಗ್ಗು ಸಿಕ್ಕುವುದೂ ಕಷ್ಟ. ಮನೆಯವರು ದಿನಾ ನೀರು ಹಾಕುತ್ತಾರೆ, ಪಾತ್ರೆ ತೊಳೆದ ನೀರೂ ಅದರ ಬುಡಕ್ಕೇ ಹರಿಯುತ್ತದೆ, ಕೊಟ್ಟಿಗೆ ಗೊಬ್ಬರವನ್ನೂ ತಪ್ಪಿಸುವುದಿಲ್ಲ. ಅವರು ಆ ಗಿಡಕ್ಕೆ ಕೊಡದೆ ಉಳಿಸಿರುವುದು ಬಾಯಾರಿಕೆಯನ್ನು ಮತ್ತು ಕತ್ತರಿಯನ್ನು. ವರ್ಷದಲ್ಲಿ ಕೆಲವು ವಾರ ನೀರಿಲ್ಲದೆ ಒಣಗಿ, ಆಮೇಲೆ ಮೊಣಕಾಲೆತ್ತರಕ್ಕೆ ಸವರಿಸಿಕೊಂಡ ಗಿಡವೇ ಬುಟ್ಟಿ ತುಂಬ ಹೂ ಕೊಡುತ್ತದೆ. ಹೂವಿನ ಬೇಸಾಯ ಬಲ್ಲವರಿಗೆ ಇದು ಹಳೆಯ ವಿಷಯ. ಹಿತ್ತಲ ಗಿಡದ ಮಟ್ಟಿಗೆ ಮಾತ್ರ ಇದನ್ನು ಎಷ್ಟು ಸಲ ಹೇಳಿದರೂ ಸಾಲದು.

ಕಾರಣ ಗಿಡದ ಮೈಯಲ್ಲೇ ಇದೆ. ಮಲ್ಲಿಗೆ ಮೊಗ್ಗು ಬಲಿತ ಹಳೆಯ ಕಡ್ಡಿಯ ಮೇಲೆ ಬರುವುದಿಲ್ಲ, ಹೊಸದಾಗಿ ಹೊರಟ ಚಿಗುರಿನ ತುದಿಯಲ್ಲಿ ಕೂರುತ್ತದೆ. ಸಾಮಾನ್ಯವಾಗಿ ಒಂದು ಗೊಂಚಲಿಗೆ ಮೂರು. ನಡುವಿನದು ಮೊದಲು ಅರಳುತ್ತದೆ, ಪಕ್ಕದವೆರಡು ಆಮೇಲೆ. ಹಾಗಾಗಿ ಹೂವಿನ ಲೆಕ್ಕವೆಂದರೆ ಚಿಗುರಿನ ಲೆಕ್ಕ. ಕಡ್ಡಿಯ ತುದಿ ಹಾಗೇ ಇರುವ ತನಕ ಅಲ್ಲಿ ತಯಾರಾಗುವ ರಸವೊಂದು ಕೆಳಗಿನ ಗಿಣ್ಣುಗಳಲ್ಲಿರುವ ಕಣ್ಣುಗಳನ್ನು ಮಲಗಿಸಿಟ್ಟಿರುತ್ತದೆ. ತುದಿ ಕತ್ತರಿಸಿದ ಕೂಡಲೇ ಆ ತಡೆ ಹೋಗಿ, ಒಂದು ಕಡ್ಡಿ ಇದ್ದ ಕಡೆ ನಾಲ್ಕಾರು ಚಿಗುರು ಒಡೆಯುತ್ತವೆ. ಅದಕ್ಕೆ ಮುಂಚೆ ನೀರು ನಿಲ್ಲಿಸುವುದಕ್ಕೂ ಅರ್ಥವಿದೆ. ನೀರು ಕಡಿಮೆಯಾದಾಗ ಗಿಡ ಬೆಳೆಯುವುದನ್ನು ಬಿಟ್ಟು, ತಾನು ಮಾಡಿಕೊಂಡ ಆಹಾರವನ್ನು ಕಾಂಡದಲ್ಲೂ ಬೇರಿನಲ್ಲೂ ಕೂಡಿಡುತ್ತದೆ. ಮತ್ತೆ ನೀರು ಸಿಕ್ಕಾಗ ಆ ಕೂಡಿಟ್ಟದ್ದೆಲ್ಲ ಒಟ್ಟಿಗೆ ಚಿಗುರಿಗೆ ಏರುತ್ತದೆ. ವರ್ಷವಿಡೀ ತಂಪಾಗಿ ನೀರುಂಡು, ನೆರಳಲ್ಲಿ ನಿಂತ ಗಿಡಕ್ಕೆ ಈ ವಿರಾಮವೇ ಸಿಕ್ಕುವುದಿಲ್ಲ. ಅದು ಎಲೆ ಬಿಡುತ್ತಲೇ ಹೋಗುತ್ತದೆ.

ಹೊತ್ತು ಗೊತ್ತುಮಾಡಿಕೊಳ್ಳಲು ಈ ಸೀಮೆಯವರಿಗೆ ಕ್ಯಾಲೆಂಡರ್ ಬೇಕಿಲ್ಲ. ನಂಜನಗೂಡಿನ ಶ್ರೀಕಂಠೇಶ್ವರನ ಚಿಕ್ಕಜಾತ್ರೆ ನವೆಂಬರ್–ಡಿಸೆಂಬರ್ ಹೊತ್ತಿಗೆ ಬರುತ್ತದೆ. ಐದು ತೇರೆಳೆಯುವ ದೊಡ್ಡಜಾತ್ರೆ ಮಾರ್ಚ್ ಕೊನೆ, ಏಪ್ರಿಲ್ ಮೊದಲಲ್ಲಿ. ದುಂಡುಮಲ್ಲಿಗೆಯನ್ನು ಸವರಬೇಕಾದ ಕಾಲ ನವೆಂಬರ್ ಕೊನೆಯ ವಾರ. ಹಾಗೆ ಸವರಿದ ಗಿಡ ಚಳಿಯಲ್ಲಿ ನಿಧಾನವಾಗಿ ಚಿಗುರಿ, ಶಿವರಾತ್ರಿ ಕಳೆದು ಬಿಸಿಲೇರಿದಂತೆ ಮೊಗ್ಗಿಗೆ ಬರುತ್ತದೆ. ಅಲ್ಲಿಂದ ಮುಂಗಾರಿನ ತನಕ ಅದರ ಸುಗ್ಗಿ. ಚಿಕ್ಕಜಾತ್ರೆ ಮುಗಿಸಿಕೊಂಡು ಬಂದವರು ಕತ್ತರಿ ಹಿಡಿದರೆ ದೊಡ್ಡಜಾತ್ರೆಯ ತೇರಿಗೆ ಸ್ವಂತ ಗಿಡದ ಮೊಗ್ಗು ಕಟ್ಟಿಕೊಂಡು ಹೋಗಬಹುದು. ಮದುವೆಗಳು ಸಾಲಾಗಿ ಬರುವ ದಿನಗಳೂ ಅವೇ.

ಆದರೆ ಪುಸ್ತಕದ ನವೆಂಬರ್ ಎಲ್ಲ ನೆಲಕ್ಕೂ ಹೊಂದುವುದಿಲ್ಲ. ನಮ್ಮ ಕಡೆ ಮುಂಗಾರಿನ ನಡುಗಾಲ ಅಷ್ಟಾಗಿ ಸುರಿಯುವುದಿಲ್ಲ. ಜೋರು ಮಳೆ ಮೇ ತಿಂಗಳಲ್ಲೊಮ್ಮೆ, ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಇನ್ನೊಮ್ಮೆ. ಹಿಂಗಾರು ಎಳೆದು ನವೆಂಬರ್ ಪೂರ್ತಿ ಜಿಟಿಜಿಟಿ ಎನ್ನುವ ವರ್ಷಗಳೂ ಉಂಟು. ಆ ವರ್ಷ ಮಳೆ ನಿಂತು, ನೆಲ ಆರಿದ ಮೇಲೆಯೇ ಸವರಬೇಕು. ನೀರಾವರಿ ಬಯಲಿನ ಕಥೆ ಇನ್ನೂ ಬೇರೆ. ಬೀಚನಹಳ್ಳಿಯ ಕಬಿನಿ ಜಲಾಶಯದಿಂದ ಬರುವ ನಾಲೆ ಮತ್ತು ಕೆಆರ್‌ಎಸ್‌ನಿಂದ ಬರುವ ವರುಣಾ ನಾಲೆ ಈ ಎರಡು ತಾಲ್ಲೂಕುಗಳ ಬಹಳಷ್ಟು ಹೊಲವನ್ನು ಗದ್ದೆಯಾಗಿಸಿವೆ. ಭತ್ತದ ಗದ್ದೆಯ ಪಕ್ಕದಲ್ಲೇ ಮಲ್ಲಿಗೆ ಇಟ್ಟವರು ತಾವು ನೀರು ನಿಲ್ಲಿಸಿದ್ದೇವೆ ಎಂದುಕೊಂಡಿರುತ್ತಾರೆ. ಗದ್ದೆಯ ಬಸಿ ಮಾತ್ರ ಬೇರಿಗೆ ನೀರೂಡಿಸುತ್ತಲೇ ಇರುತ್ತದೆ. ಅಂಥ ಕಡೆ ಮಲ್ಲಿಗೆ ಸಾಲನ್ನು ಏರು ಮಡಿಯ ಮೇಲೆ ಇಡಬೇಕು, ಗದ್ದೆಗೂ ಮಡಿಗೂ ನಡುವೆ ಒಂದೂವರೆ ಎರಡಡಿ ಆಳದ ಬಸಿಗಾಲುವೆ ತೆಗೆಯಬೇಕು. ಅದಾಗದಿದ್ದರೆ ಕೊಯ್ಲು ಮುಗಿದು ನಾಲೆಯ ನೀರು ನಿಂತ ಮೇಲೆ, ಜನವರಿಯಲ್ಲಿ ಸವರುವುದೇ ಮೇಲು. ಮೊದಲ ಹೂ ತಡವಾದೀತು, ಆದರೆ ಅರ್ಧಂಬರ್ಧ ಒಣಗಿದ ಗಿಡವನ್ನು ಕತ್ತರಿಸಿ ಬರೀ ಎಲೆ ಪಡೆಯುವುದಕ್ಕಿಂತ ಅದು ವಾಸಿ. ಹೊಳೆದಂಡೆಯ ತಗ್ಗಿನಲ್ಲಿ ಮಲ್ಲಿಗೆ ಇಡುವ ಆಸೆಯನ್ನು ಬಿಟ್ಟುಬಿಡುವುದು ಒಳ್ಳೆಯದು. ಕಪಿಲೆ ಉಕ್ಕಿ ನಂಜನಗೂಡಿನ ಹದಿನಾರು ಕಾಲು ಮಂಟಪ ಮುಳುಗುವ ವರ್ಷ ದಂಡೆಯ ತೋಟಗಳೂ ಮುಳುಗುತ್ತವೆ. ಬೇರಿನಲ್ಲಿ ನೀರು ನಿಂತು ಸತ್ತ ಮಲ್ಲಿಗೆ ಮತ್ತೆ ಚಿಗುರುವುದಿಲ್ಲ.

ಸವರುವ ಕೆಲಸದಲ್ಲಿ ಧೈರ್ಯ ಬೇಕು, ಅವಸರ ಕೂಡದು. ಎರಡು ಮೂರು ವಾರ ನೀರು ನಿಲ್ಲಿಸಿದ ಮೇಲೆ ಎಲೆಗಳು ಮಂಕಾಗಿ, ಕೆಲವು ಹಳದಿ ತಿರುಗಿ ಉದುರತೊಡಗುತ್ತವೆ. ಅದೇ ಗುರುತು. ಆಗ ಮೊದಲು ಒಣಗಿದ ಕಡ್ಡಿ, ರೋಗ ಬಂದ ಕಡ್ಡಿ, ಒಂದಕ್ಕೊಂದು ಉಜ್ಜುವ ಕಡ್ಡಿ, ಬುಡದಿಂದ ದಾರದಂತೆ ತೆಳ್ಳಗೆ ಹರಿದ ಕಡ್ಡಿಗಳನ್ನು ಬುಡಸಮೇತ ತೆಗೆಯಬೇಕು. ಉಳಿದ ಗಟ್ಟಿ ಕಡ್ಡಿಗಳನ್ನು ನೆಲದಿಂದ ಸುಮಾರು 50 ಸೆಂಟಿಮೀಟರ್ ಎತ್ತರಕ್ಕೆ, ಗಿಣ್ಣಿನ ಸ್ವಲ್ಪ ಮೇಲೆ, ಓರೆಯಾಗಿ ಕತ್ತರಿಸಬೇಕು. ಅಂಟಿಕೊಂಡಿರುವ ಎಲೆಗಳನ್ನೂ ಕೈಯಲ್ಲಿ ತರಿದುಬಿಡಬಹುದು. ಹಳೆಯ ಎಲೆಯಲ್ಲಿ ಅಡಗಿದ ನುಸಿ, ಚುಕ್ಕೆರೋಗ ಅದರ ಜೊತೆಗೇ ಹೋಗುತ್ತದೆ. ಮೊಂಡು ಕುಡುಗೋಲಿನಿಂದ ಜಜ್ಜಿದರೆ ಕಡ್ಡಿ ಸೀಳಿ ಒಳಗೆ ಕೊಳೆ ಇಳಿಯುತ್ತದೆ, ಆದ್ದರಿಂದ ಹರಿತವಾದ ಕತ್ತರಿಯೇ ಬೇಕು. ಹೆಬ್ಬೆರಳು ದಪ್ಪದ ಗಾಯಗಳಿಗೆ ಬೋರ್ಡೋ ಮುಲಾಮು ಹಚ್ಚಿದರೆ ಕ್ಷೇಮ. ಕೆಲಸ ಮುಗಿದಾಗ ಗಿಡ ನೋಡಲು ಬೋಳಾಗಿ, ಅಯ್ಯೋ ಅನ್ನಿಸುವ ಹಾಗಿರುತ್ತದೆ. ಮನೆಯ ಹಿರಿಯರು ಬೈಯುವುದೂ ಆಗಲೇ. ಎರಡು ಮೂರು ವಾರ ಸಹಿಸಿಕೊಳ್ಳಿ.

ಸವರಿದ ಕೂಡಲೇ ಬುಡದ ಮಣ್ಣನ್ನು ಹಗುರಾಗಿ ಅಗೆದು ಪಾತಿ ಬಿಡಿಸಿ, ಎರಡು ದಿನ ಬಿಸಿಲು ಕಾಣಿಸಿ, ಗಿಡಕ್ಕೆ ಸುಮಾರು 10 ಕೆ.ಜಿ. ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಕೊಟ್ಟು, ಬೇವಿನ ಹಿಂಡಿ ಬೆರೆಸಿ ಮುಚ್ಚಬೇಕು. ಹೊಲದಲ್ಲಿ ಬೆಳೆದ ಗಿಡಕ್ಕೆ ವರ್ಷಕ್ಕೆ 60 ಗ್ರಾಂ ಸಾರಜನಕ, 120 ಗ್ರಾಂ ರಂಜಕ, 120 ಗ್ರಾಂ ಪೊಟ್ಯಾಷ್ ಎನ್ನುವುದು ಸಾಮಾನ್ಯ ಶಿಫಾರಸು. ಅಂಗಡಿಯ ಲೆಕ್ಕದಲ್ಲಿ ಹೇಳುವುದಾದರೆ ಯೂರಿಯಾ 130 ಗ್ರಾಂ, ಸೂಪರ್ ಫಾಸ್ಫೇಟ್ 750 ಗ್ರಾಂ, ಮ್ಯೂರಿಯೇಟ್ ಆಫ್ ಪೊಟ್ಯಾಷ್ 200 ಗ್ರಾಂ. ಇದನ್ನು ಎರಡು ಭಾಗ ಮಾಡಿ, ಒಂದು ಭಾಗ ಸವರಿದಾಗ, ಇನ್ನೊಂದು ಜೂನ್–ಜುಲೈನಲ್ಲಿ. ಸಾರಜನಕಕ್ಕಿಂತ ರಂಜಕ, ಪೊಟ್ಯಾಷ್ ಇಮ್ಮಡಿ ಇರುವುದನ್ನು ಗಮನಿಸಿ. ಬರೀ ಯೂರಿಯಾ ಎಸೆದವರ ಗಿಡ ಯಾಕೆ ಎಲೆಯಲ್ಲೇ ಕೊಬ್ಬುತ್ತದೆ ಎನ್ನುವುದಕ್ಕೆ ಉತ್ತರ ಅಲ್ಲಿದೆ. ಕುಂಡದ ಗಿಡಕ್ಕೆ ಈ ಲೆಕ್ಕ ಬೇಡವೇ ಬೇಡ. ಎರಡು ಹಿಡಿ ಕಾಂಪೋಸ್ಟ್, ಒಂದು ಹಿಡಿ ಬೇವಿನ ಹಿಂಡಿ ಸಾಕು. ಬಿಸಿಲು ಮಾತ್ರ ಕುಂಡಕ್ಕೂ ನೆಲಕ್ಕೂ ಒಂದೇ: ದಿನಕ್ಕೆ ಐದಾರು ಗಂಟೆ ನೇರ ಬಿಸಿಲು ಬೀಳದ ಕಡೆ ಯಾವ ಗೊಬ್ಬರವೂ ಹೂ ತರಿಸುವುದಿಲ್ಲ. ಮೊದಲ ಸುತ್ತಿನ ಹೂ ಮುಗಿದಾಗ ಹೂ ಬಿಟ್ಟ ಚಿಗುರಿನ ತುದಿಯನ್ನು ಒಂದೆರಡು ಗಿಣ್ಣು ಸೇರಿಸಿ ಚಿವುಟಿದರೆ ಕೆಲವೇ ವಾರದಲ್ಲಿ ಎರಡನೇ ಸುತ್ತು ಬರುತ್ತದೆ. ಹೀಗೆ ಮಳೆಗಾಲದ ತನಕ ನಡೆಸಬಹುದು.

ಇಷ್ಟು ಹೇಳಿದ್ದು ದುಂಡುಮಲ್ಲಿಗೆಗೆ. ನಿಮ್ಮ ಮನೆಯ ಗಿಡ ಬೇರೆಯದಾಗಿದ್ದರೆ ತಿಂಗಳೂ ಬೇರೆ, ಅದನ್ನು ಎಲೆ ನೋಡಿಯೇ ಹೇಳಬಹುದು. ಅಗಲವಾದ ಒಂಟಿ ಎಲೆ, ಎದುರುಬದುರಾಗಿ ಜೋಡಿಯಾಗಿದ್ದರೆ ದುಂಡುಮಲ್ಲಿಗೆ. ದಳ ಹೆಚ್ಚಿರುವ ಏಳುಸುತ್ತಿನ ಮಲ್ಲಿಗೆಯೂ ಇದರದೇ ಬಗೆ. ಒಂದೇ ತೊಟ್ಟಿನಲ್ಲಿ ಏಳೋ ಒಂಬತ್ತೋ ಸಣ್ಣ ಎಲೆ ಇದ್ದರೆ ಅದು ಜಾಜಿ, ಅದನ್ನು ಡಿಸೆಂಬರ್ ಕೊನೆಗೆ ಸವರಬೇಕು. ದೊಡ್ಡದೊಂದು ಎಲೆ, ಅದರ ಬುಡದಲ್ಲಿ ಕಿವಿಯಂಥ ಎರಡು ಪುಟ್ಟ ಎಲೆ ಇದ್ದರೆ ಮೊಲ್ಲೆ. ಅದಕ್ಕೆ ಜನವರಿ ಕೊನೆ. ಹೂವಿನಹಡಗಲಿಯ ಹೆಸರುವಾಸಿ ಮಲ್ಲಿಗೆ ಈ ಮೊಲ್ಲೆಯ ಜಾತಿಯದು. ಎಲೆಯ ಮೇಲೆ ನವಿರಾದ ರೋಮವಿದ್ದು, ಹೂವಿಗೆ ಕಂಪು ಇಲ್ಲವೆನ್ನುವಷ್ಟು ಕಡಿಮೆ ಇದ್ದರೆ ಕಾಕಡ. ಮಾಲೆ ತುಂಬಲು ಅದು ಒಳ್ಳೆಯದು, ಪರಿಮಳಕ್ಕೆಂದು ನೆಟ್ಟವರಿಗೆ ಮಾತ್ರ ನಿರಾಸೆ. ನರ್ಸರಿಯಲ್ಲಿ ಸಸಿ ಕೊಳ್ಳುವಾಗ ಎಲೆ ನೋಡಿ ಕೊಳ್ಳಿ. ಬರೀ 'ಮಲ್ಲಿಗೆ' ಎಂದು ಬರೆದ ಚೀಟಿ ಸಾಲದು. ಮೈಸೂರು ಮಲ್ಲಿಗೆ, ಹಡಗಲಿ ಮಲ್ಲಿಗೆ, ಉಡುಪಿ ಮಲ್ಲಿಗೆ ಮೂರಕ್ಕೂ ಜಿಐ ಮಾನ್ಯತೆ ಇದೆ. ನಮ್ಮ ನಂಜನಗೂಡು ರಸಬಾಳೆಗೂ ಇದೆ. ಹೆಸರಿಗೆ ಮಾನ್ಯತೆ ಬಂದ ಮಾತ್ರಕ್ಕೆ ಬೆಳೆ ಉಳಿಯುವುದಿಲ್ಲ ಎನ್ನುವುದನ್ನು ಪನಾಮ ಸೊರಗು ರೋಗಕ್ಕೆ ಸಿಕ್ಕ ರಸಬಾಳೆ ತೋಟಗಳೇ ಕಲಿಸಿವೆ.

ಮಣ್ಣಿನ ವಿಷಯಕ್ಕೆ ಬರೋಣ. ಈ ಎರಡು ತಾಲ್ಲೂಕುಗಳಲ್ಲಿ ಕೆಮ್ಮಣ್ಣಿದೆ, ಎರೆಮಣ್ಣಿದೆ, ಹೊಳೆಯ ಮೆಕ್ಕಲಿದೆ, ತಲಕಾಡಿನ ಸುತ್ತ ಮರಳು ಬೆರೆತ ನೆಲವೂ ಇದೆ. ನೀರು ಬಸಿಯುವ ಕೆಂಪು ಗೋಡುಮಣ್ಣು ಮಲ್ಲಿಗೆಗೆ ಹೇಳಿಮಾಡಿಸಿದ್ದು. ಮರಳಲ್ಲಿ ಗೊಬ್ಬರ ಹೆಚ್ಚು ಹಾಕಿದರೆ ಬರುತ್ತದೆ. ತೊಂದರೆ ಇರುವುದು ಸುಣ್ಣದ ಹರಳು ಬೆರೆತ ಎರೆಯಲ್ಲಿ. ಅಲ್ಲಿ ಗಿಡ ಒಂದೆರಡು ವರ್ಷ ಚೆನ್ನಾಗಿದ್ದು, ಆಮೇಲೆ ಚಿಗುರೆಲೆ ಹಳದಿಯಾಗುತ್ತದೆ, ನರ ಮಾತ್ರ ಹಸಿರು. ಬಿಳಿಚಿಕೊಂಡ ಚಿಗುರಿಗೆ ಮೊಗ್ಗು ಸಣ್ಣದು, ಸಂಖ್ಯೆಯೂ ಕಡಿಮೆ. ಜನ ಇದನ್ನು ಗೊಬ್ಬರದ ಕೊರತೆ ಎಂದು ಇನ್ನಷ್ಟು ಯೂರಿಯಾ ಹಾಕುತ್ತಾರೆ. ಸಾರಜನಕ ಕಡಿಮೆಯಾದರೆ ಮೊದಲು ಹಳದಿಯಾಗುವುದು ಕೆಳಗಿನ ಹಳೆಯ ಎಲೆ. ಕಬ್ಬಿಣ ಸಿಕ್ಕದಿದ್ದರೆ ಮೊದಲು ಹಳದಿಯಾಗುವುದು ತುದಿಯ ಎಳೆ ಎಲೆ, ಯಾಕೆಂದರೆ ಹಳೆ ಎಲೆಯಲ್ಲಿ ಸೇರಿದ ಕಬ್ಬಿಣವನ್ನು ಗಿಡ ಹೊಸ ಎಲೆಗೆ ಸಾಗಿಸಲಾರದು. ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಸುಣ್ಣ ಹೆಚ್ಚಿದಾಗ ಅದು ಬೇರಿಗೆ ದಕ್ಕದ ರೂಪಕ್ಕೆ ತಿರುಗಿರುತ್ತದೆ. ಲೀಟರ್ ನೀರಿಗೆ 5 ಗ್ರಾಂ ಅನ್ನಭೇದಿ ಕರಗಿಸಿ ತಿಂಗಳಿಗೊಮ್ಮೆ ಎಲೆಗೆ ಸಿಂಪಡಿಸಿದರೆ ಚಿಗುರು ಹಸಿರಿಗೆ ಮರಳುತ್ತದೆ. ಕಾಯಂ ಪರಿಹಾರ ಬೇಕೆಂದರೆ ವರ್ಷ ವರ್ಷ ಕಳಿತ ಗೊಬ್ಬರ ಸೇರಿಸಬೇಕು, ಗಡಸು ಬೋರ್‌ವೆಲ್ ನೀರಿಗಿಂತ ನಾಲೆ ನೀರು, ಮಳೆ ನೀರು ಸಿಕ್ಕರೆ ಅದನ್ನೇ ಕೊಡಬೇಕು. ತೋಟ ಹಾಕುವ ಮೊದಲು ಮಣ್ಣು ಪರೀಕ್ಷೆ ಮಾಡಿಸಿ ಎನ್ನುವುದು ಇದಕ್ಕೇ. ಸುತ್ತೂರಿನಲ್ಲಿ ಕೃಷಿ ವಿಜ್ಞಾನ ಕೇಂದ್ರ ಇರುವಾಗ ಸಲಹೆಗೆ ಮೈಸೂರಿಗೆ ಅಲೆಯಬೇಕಿಲ್ಲ.

ಹುಳುಗಳಲ್ಲಿ ಎರಡು ಮುಖ್ಯ, ಎರಡೂ ಮೊಗ್ಗಿಗೇ ಬಾಯಿ ಹಾಕುವವು. ಮೊಗ್ಗು ಕೊರಕದ ಮರಿ ಮೊಗ್ಗನ್ನು ತೂತು ಮಾಡಿ ಒಳಗಿನ ದಳ ತಿನ್ನುತ್ತದೆ, ಅಕ್ಕಪಕ್ಕದ ಮೊಗ್ಗುಗಳನ್ನು ನೂಲಿನಿಂದ ಹೆಣೆದು ಒಂದರಿಂದ ಇನ್ನೊಂದಕ್ಕೆ ದಾಟುತ್ತದೆ. ಹೊಕ್ಕ ಮೊಗ್ಗು ನೇರಳೆ ಬಣ್ಣಕ್ಕೆ ತಿರುಗಿ ಉದುರುತ್ತದೆ. ಇನ್ನೊಂದು ಮೊಗ್ಗಿನ ನೊಣ. ಅದರ ತೀರಾ ಸಣ್ಣ ಮರಿಗಳು ಮೊಗ್ಗಿನ ಬುಡ ಸೇರುತ್ತವೆ, ಬುಡ ಊದಿಕೊಂಡು ಮೊಗ್ಗು ಬೆಳೆಯದೆ ಕೆಂಪಾಗಿ ಒಣಗುತ್ತದೆ. ಈ ನೊಣ ಕೋಶಾವಸ್ಥೆಯನ್ನು ಬುಡದ ಮಣ್ಣಿನಲ್ಲಿ ಕಳೆಯುತ್ತದೆ. ಹಾಗಾಗಿ ಮದ್ದಿಗಿಂತ ಮೊದಲು ಮಾಡಬೇಕಾದ್ದು ಹಾಳಾದ ಮೊಗ್ಗುಗಳನ್ನು ದಿನಾ ಆರಿಸಿ ಸುಡುವುದು, ಬುಡದ ಮಣ್ಣನ್ನು ಆಗಾಗ ಕೆದಕಿ ಬಿಸಿಲಿಗೆ ಒಡ್ಡುವುದು, ಬೇವಿನ ಹಿಂಡಿ ಬೆರೆಸುವುದು. ಬೇವಿನ ಬೀಜದ ಕಷಾಯವನ್ನು ಶೇ 5ರ ಪ್ರಮಾಣದಲ್ಲಿ ಸಂಜೆ ಸಿಂಪಡಿಸಬಹುದು. ಕಡುಬೇಸಿಗೆಯಲ್ಲಿ ಎಲೆಯ ಅಡಿ ಸಣ್ಣ ಬಲೆ, ಮೇಲೆ ಬಿಳಿ ಚುಕ್ಕೆ ಕಂಡರೆ ಕೆಂಪು ನುಸಿ. ಲೀಟರಿಗೆ 2 ಗ್ರಾಂ ನೀರಿನಲ್ಲಿ ಕರಗುವ ಗಂಧಕ ಅದಕ್ಕೆ ಸಾಕು. ಮಲ್ಲಿಗೆಗೆ ಕಡುವಿಷ ಹೊಡೆಯುವುದನ್ನು ನಾನು ಒಪ್ಪಲಾರೆ. ಈ ಹೂ ಬೆಳಿಗ್ಗೆ ಕಿತ್ತು, ಬಾಯಲ್ಲಿ ನಾರು ಕಚ್ಚಿ ಕಟ್ಟುವ ಹೆಂಗಸರ ಕೈಯಿಂದ ಅದೇ ಸಂಜೆ ಮಕ್ಕಳ ಜಡೆಗೆ ಹೋಗುತ್ತದೆ. ತೊಳೆಯುವ ಹಂತವೇ ನಡುವೆ ಇಲ್ಲ.

ಮೊಗ್ಗು ಕೀಳುವ ಹೊತ್ತಿಗೂ ಕಂಪಿಗೂ ಇರುವ ನಂಟು ಈ ಗಿಡದ ಅತಿ ಸೋಜಿಗದ ಸಂಗತಿ. ಬೆಳಿಗ್ಗೆ ಬಲಿತ ಬಿಳಿ ಮೊಗ್ಗನ್ನು ಮೂಸಿ ನೋಡಿ, ಹೆಚ್ಚೇನೂ ವಾಸನೆ ಇರುವುದಿಲ್ಲ. ಅದನ್ನೇ ಬಟ್ಟಲಲ್ಲಿ ಇಟ್ಟರೆ ದೀಪ ಹಚ್ಚುವ ಹೊತ್ತಿಗೆ ಬಿರಿದು ಕೋಣೆ ತುಂಬುತ್ತದೆ. ಗುಲಾಬಿ ತನ್ನ ತೈಲವನ್ನು ದಳದಲ್ಲಿ ಮೊದಲೇ ಕೂಡಿಟ್ಟಿರುತ್ತದೆ. ಮಲ್ಲಿಗೆ ಹಾಗಲ್ಲ, ಅರಳುತ್ತ ಅರಳುತ್ತ ಪರಿಮಳ ತಯಾರಿಸುತ್ತದೆ. ಗಿಡದಿಂದ ಬೇರೆಯಾದ ಮೇಲೂ ಆ ಕೆಲಸ ನಿಲ್ಲುವುದಿಲ್ಲ. ಲಿನಲೂಲ್, ಬೆಂಜೈಲ್ ಅಸಿಟೇಟ್, ಇಂಡೋಲ್ ಎಂಬ ರಾಸಾಯನಿಕಗಳು ಈ ಕಂಪಿನ ಮುಖ್ಯ ಭಾಗ. ಕತ್ತಲಲ್ಲಿ ಹಾರುವ ಪತಂಗಗಳನ್ನು ಕರೆಯಲು ಹೂ ಬಿಳಿಯಾಗಿದೆ, ಕಂಪು ರಾತ್ರಿಗೆ ಮೀಸಲಾಗಿದೆ. ಕಿತ್ತ ಹೂವೂ ಕಂಪು ಬಿಡುತ್ತಲೇ ಇರುತ್ತದೆ ಎನ್ನುವುದನ್ನು ಜನ ಬಹಳ ಹಿಂದೆಯೇ ಕಂಡುಕೊಂಡಿದ್ದರು. ಫ್ರಾನ್ಸಿನ ಗ್ರಾಸ್ ಊರಿನವರು ಜಾಜಿ ಹೂವನ್ನು ಕೊಬ್ಬಿನ ಮೇಲೆ ಹರಡಿ, ಉತ್ತರ ಭಾರತದ ಜೌನ್‌ಪುರದವರು ಎಳ್ಳಿನ ನಡುವೆ ಪದರ ಪದರವಾಗಿ ಹಾಸಿ, ಚೀನಾದ ಫೂಝೌನವರು ಚಹಾದ ಎಲೆಯ ಜೊತೆ ರಾತ್ರಿಯಿಡೀ ಕೂಡಿಟ್ಟು ಆ ಕಂಪನ್ನು ಹಿಡಿದರು. ನಮ್ಮವರು ಬಾಳೆನಾರಿನಲ್ಲಿ ಕಟ್ಟಿ ಮುಡಿದರು. ಇಂಡೊನೇಷ್ಯಾ, ಫಿಲಿಪ್ಪೀನ್ಸ್ ದೇಶಗಳ ರಾಷ್ಟ್ರೀಯ ಹೂವೂ ಈ ದುಂಡುಮಲ್ಲಿಗೆಯೇ.

ಆದ್ದರಿಂದ ಕೀಳಬೇಕಾದ್ದು ಪೂರ್ತಿ ಬಲಿತು ಬೆಳ್ಳಗಾದ, ಇನ್ನೂ ಬಿರಿಯದ ಮೊಗ್ಗನ್ನು, ಬಿಸಿಲೇರುವ ಮುಂಚೆ. ಹಸಿರು ಛಾಯೆ ಇರುವಾಗ ಕಿತ್ತರೆ ಅದು ಅರಳದೆ ಕಂದುತ್ತದೆ. ಕಿತ್ತ ಮೊಗ್ಗಿಗೆ ನೀರು ಚಿಮುಕಿಸಿ ಮುಚ್ಚಿಡುವ ಅಭ್ಯಾಸ ಹಲವರಲ್ಲಿದೆ. ನೀರು ಕೂತ ದಳ ಬೇಗ ಕಂದುಬಣ್ಣಕ್ಕೆ ತಿರುಗುತ್ತದೆ. ಹಿಂಡಿದ ಒದ್ದೆ ಬಟ್ಟೆಯಲ್ಲೋ ಬಾಳೆ ಎಲೆಯಲ್ಲೋ ಸಡಿಲವಾಗಿ ಸುತ್ತಿಟ್ಟರೆ ಸಾಕು.

ತೋಟ ಮಾಡುವವರಿಗೆ ಇಲ್ಲೇ ಒಂದು ಮಾತು ಹೇಳಬೇಕು. ಒಂದೂಕಾಲು ಮೀಟರ್ ಅಂತರದಲ್ಲಿ ನೆಟ್ಟರೆ ಎಕರೆಗೆ ಸುಮಾರು 2,500 ಗಿಡ ಹಿಡಿಯುತ್ತವೆ. ನೆಡುವುದು, ಸವರುವುದು ಕಷ್ಟವಲ್ಲ. ಸುಗ್ಗಿಯ ದಿನಗಳಲ್ಲಿ ಒಂದು ದಿನವೂ ಬಿಡದೆ, ನಸುಕಿನಲ್ಲಿ ಎದ್ದು, ಒಂದೊಂದೇ ಮೊಗ್ಗನ್ನು ಬೆರಳಲ್ಲಿ ಬಿಡಿಸುವವರು ಬೇಕು. ಇಂದು ಕೀಳದ ಮೊಗ್ಗು ನಾಳೆಗೆ ಇರುವುದಿಲ್ಲ. ಹೂ ಹೆಚ್ಚು ಬಂದಾಗ ಬೆಲೆ ಬೀಳುತ್ತದೆ, ಬೆಲೆ ಏರಿದಾಗ ಚಳಿಗೆ ಗಿಡದಲ್ಲಿ ಹೂವಿರುವುದಿಲ್ಲ. ಕೂಲಿ ಕೊಟ್ಟು ಕೀಳಿಸಿ, ಬಸ್ಸಿಗೆ ಹಾಕಿ ಮೈಸೂರಿಗೆ ಕಳಿಸಿ, ಕೊನೆಗೆ ಲೆಕ್ಕ ಹಾಕಿದವರು ಗಿಡ ಕಿತ್ತು ಬೇರೆ ಬೆಳೆ ಇಟ್ಟರೆ ಅವರನ್ನು ದೂರಲಾಗದು. ಮನೆಯವರ ಕೈಗೆ ಎಟುಕುವಷ್ಟೇ ಗಿಡ, ಅಂದರೆ ಅರ್ಧ ಎಕರೆಯೋ ಕಾಲು ಎಕರೆಯೋ ಇಟ್ಟು, ಅದನ್ನೂ ಎರಡು ಮೂರು ಭಾಗ ಮಾಡಿ ಹದಿನೈದು ದಿನದ ಅಂತರದಲ್ಲಿ ಸವರಿದರೆ ಹೂ ಒಟ್ಟಿಗೆ ಬಂದು ಬೀಳುವುದು ತಪ್ಪುತ್ತದೆ. ಈ ಸೀಮೆಯಲ್ಲಿ ಮಲ್ಲಿಗೆ ಉಳಿಯುವುದಾದರೆ ಅದು ಇಂಥ ಸಣ್ಣ ತೋಟಗಳಲ್ಲಿ ಮತ್ತು ಮನೆಯ ಹಿತ್ತಲುಗಳಲ್ಲಿ ಉಳಿಯುತ್ತದೆ ಎಂದು ನನ್ನ ನಂಬಿಕೆ.

ಹಿತ್ತಲಿಗೆ ಹೊಸ ಗಿಡ ಬೇಕಾದವರು ದುಡ್ಡು ಕೊಡಬೇಕಿಲ್ಲ. ಚೆನ್ನಾಗಿ ಹೂ ಬಿಡುವ ಗಿಡವನ್ನು ಬೇಸಿಗೆಯಲ್ಲೇ ಗುರುತು ಮಾಡಿಟ್ಟುಕೊಳ್ಳಿ. ಜೂನ್–ಜುಲೈನಲ್ಲಿ ಅದರ ನೆಲಕ್ಕೆ ಹತ್ತಿರದ ಬಲಿತ ಕಡ್ಡಿಯೊಂದನ್ನು ಬಾಗಿಸಿ, ಮಣ್ಣಿಗೆ ತಾಗುವ ಗಿಣ್ಣಿನ ಕೆಳಗೆ ಓರೆಯಾಗಿ ಸ್ವಲ್ಪ ಸೀಳಿ, ನಾಲ್ಕು ಬೆರಳು ಆಳಕ್ಕೆ ಹೂತು, ಮೇಲೆ ಕಲ್ಲು ಹೇರಿ. ತುದಿ ಮಣ್ಣಿನಿಂದ ಹೊರಗಿರಲಿ, ಜಾಗ ಒಣಗದಿರಲಿ. ಮೂರು ನಾಲ್ಕು ತಿಂಗಳಲ್ಲಿ ಬೇರು ಬಂದಿರುತ್ತದೆ. ತಾಯಿಗಿಡದ ಕಡೆಯಿಂದ ಕತ್ತರಿಸಿ, ಒಂದಡಿ ಗುಂಡಿಯಲ್ಲಿ ನೆಡಬಹುದು. ಸವರಿದ ಕಡ್ಡಿಗಳನ್ನು ಗೇಣುದ್ದ ತುಂಡು ಮಾಡಿ ನೆರಳಿನ ಮರಳಲ್ಲಿ ಚುಚ್ಚಿದರೂ ಕೆಲವು ಬೇರೊಡೆಯುತ್ತವೆ, ಚಳಿಗಾಲವಾದ್ದರಿಂದ ತಡವಾಗುತ್ತದೆ ಅಷ್ಟೆ. ಹೊಸ ಗಿಡಕ್ಕೆ ಮೊದಲ ವರ್ಷ ಕತ್ತರಿ ಬೇಡ, ಕುಡಿ ಚಿವುಟಿ ಪೊದೆ ಕಟ್ಟಲು ಬಿಡಿ. ಎರಡನೇ ವರ್ಷದ ಚಿಕ್ಕಜಾತ್ರೆಯಿಂದ ಸವರಲು ತೊಡಗಿ.